ಹಾಸನದಲ್ಲಿ ಕಾರು ಕೊಳ್ಳುವುದೋ, ತಿಂಗಳ ಬಾಡಿಗೆಗೆ ಪಡೆಯುವುದೋ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ತೆರಿಗೆ ಲೆಕ್ಕಪತ್ರ ನೋಡುವ ನಮ್ಮ ಕಚೇರಿಗೆ ಬರುವವರು ಬಂದ ಕೆಲಸ ಮುಗಿಸಿ ಎದ್ದು ನಿಂತ ಮೇಲೆ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಸಕಲೇಶಪುರ, ಬೇಲೂರು, ಚಿಕ್ಕಮಗಳೂರಿನಿಂದ ಬರುವವರೂ ಇದನ್ನೇ ಕೇಳುತ್ತಾರೆ. ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇವೆ. ಇಲ್ಲಿರುವ ತೆರಿಗೆ ದರಗಳು, ಕಾಯ್ದೆಯ ಅವಧಿಗಳು ಸರ್ಕಾರ ನಿಗದಿ ಮಾಡಿದವು. ಬಾಡಿಗೆ, ಮರುಮಾರಾಟದ ಬೆಲೆ, ಬಡ್ಡಿ, ರಿಪೇರಿ ಖರ್ಚು ಮಾತ್ರ ಲೆಕ್ಕ ತೋರಿಸಲು ನಾವು ಇಟ್ಟುಕೊಂಡ ಉದಾಹರಣೆಗಳು. ನಿಮ್ಮ ಕೈಗೆ ಬಂದ ಕೊಟೇಷನ್ನಿನ ಅಂಕಿಗಳನ್ನು ಅಲ್ಲಿ ಕೂರಿಸಿ ನೋಡಿ.

ಒಂದೇ ಮಾತಿನಲ್ಲಿ ಹೇಳಿಬಿಡಿ. ಯಾವುದು ಲಾಭ?

ಕಾರನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂಬುದು ಇದನ್ನು ತೀರ್ಮಾನಿಸುತ್ತದೆ. ಒಂದು, ಒಂದೂವರೆ ವರ್ಷದ ಮಾತಾದರೆ ಬಾಡಿಗೆ ಅಗ್ಗ. ಮೂರು ವರ್ಷ ಮುಟ್ಟಿದರೆ ಸ್ವಂತ ಕಾರು ಅಗ್ಗ. ಎರಡು ವರ್ಷದ ಆಸುಪಾಸಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಅಲ್ಲಿ ಕರಾರಿನ ಷರತ್ತು ಓದಿಯೇ ತೀರ್ಮಾನಕ್ಕೆ ಬರಬೇಕು. ನಮ್ಮ ಕಡೆ ಕಾರು ಕೊಂಡವರು ಹತ್ತು ಹನ್ನೆರಡು ವರ್ಷ ಅದನ್ನು ಬಿಡುವುದಿಲ್ಲ. ಅಂಥವರಿಗೆ ಬಾಡಿಗೆಯ ಲೆಕ್ಕ ಯಾವ ಕಡೆಯಿಂದ ಹಾಕಿದರೂ ಹೊಂದುವುದಿಲ್ಲ. ಎರಡು ವರ್ಷಕ್ಕೊಮ್ಮೆ ಹೊಸ ಮಾದರಿ ಬೇಕೆನ್ನುವ ಮಹಾನಗರದವರಿಗಾಗಿ ತಯಾರಾದ ಜಾಹೀರಾತು ನೋಡಿ ಹಾಸನದಲ್ಲಿ ಸಹಿ ಹಾಕಬೇಡಿ.

ದೀರ್ಘಾವಧಿ ಬಾಡಿಗೆ ಎಂದರೆ ನಿಖರವಾಗಿ ಏನು?

ಈ ಹೆಸರಿನಡಿ ಮೂರು ಬೇರೆ ಬೇರೆ ವ್ಯವಹಾರಗಳು ನಡೆಯುತ್ತವೆ. ಕಾರು ತಯಾರಕರೋ ಅವರ ಪಾಲುದಾರ ಸಂಸ್ಥೆಯೋ ಒಂದರಿಂದ ನಾಲ್ಕು ವರ್ಷದವರೆಗೆ ಹೊಸ ಕಾರು ಕೊಡುವ ಸಬ್‌ಸ್ಕ್ರಿಪ್ಷನ್ ಒಂದು. ಇದರಲ್ಲಿ ವಿಮೆ, ರಸ್ತೆ ತೆರಿಗೆ, ಸರ್ವಿಸ್ ಎಲ್ಲವೂ ತಿಂಗಳ ಹಣದಲ್ಲೇ ಸೇರಿರುತ್ತವೆ. ಪೆಟ್ರೋಲ್ ಮತ್ತು ಟೋಲ್ ನಿಮ್ಮದು. ಎರಡನೆಯದು ಲೀಸ್. ಸಾಮಾನ್ಯವಾಗಿ ನೌಕರಿ ಕೊಟ್ಟ ಕಂಪನಿಯ ಮೂಲಕ, ಸಂಬಳದಲ್ಲಿ ಮುರಿದುಕೊಳ್ಳುವ ಏರ್ಪಾಡಿನಲ್ಲಿ ಸಿಗುತ್ತದೆ. ಮೂರನೆಯದು ಸೆಲ್ಫ್ ಡ್ರೈವ್ ಬಾಡಿಗೆಯವರು ದಿನದ ಲೆಕ್ಕ ಬಿಟ್ಟು ತಿಂಗಳ ಲೆಕ್ಕಕ್ಕೆ ಕೊಡುವ ಹಳೆಯ ಕಾರು.

ಮೊದಲ ಬಗೆಯ ಯೋಜನೆಗಳು ಮುಖ್ಯವಾಗಿ ದೊಡ್ಡ ನಗರಗಳನ್ನು ನಂಬಿಕೊಂಡಿವೆ. ಹಾಸನದ ವಿಳಾಸಕ್ಕೆ ಕೊಡುತ್ತೇವೆ ಎಂದರೆ ಒಂದು ಪ್ರಶ್ನೆ ಕೇಳಿ: ಕಾರು ಕೆಟ್ಟು ನಿಂತರೆ ಬದಲಿ ಕಾರು ಎಲ್ಲಿಂದ, ಎಷ್ಟು ಹೊತ್ತಿಗೆ ಬರುತ್ತದೆ? ಬೆಂಗಳೂರಿನಿಂದ ಎಂಬ ಉತ್ತರ ಬಂದರೆ, ಬದಲಿ ಕಾರಿಗೆಂದು ಬಾಡಿಗೆಯಲ್ಲಿ ಸೇರಿಸಿರುವ ಹಣ ನಿಮ್ಮ ಪಾಲಿಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಸಾಲದ ಕಂತು 16,600 ರೂಪಾಯಿ, ಬಾಡಿಗೆ 24,000. ಇಷ್ಟೇ ಹೋಲಿಸಿದರೆ ಸಾಲದೇ?

ಸಾಲದು. ಕಂತು ಖರ್ಚಲ್ಲ, ಅದರ ಬಹುಪಾಲು ನಿಮ್ಮದೇ ಅಸಲು. ಹಾಗೆಯೇ ಕಂತಿನ ಹೊರಗೂ ಖರ್ಚುಗಳಿವೆ. ಹೋಲಿಸಬೇಕಾದದ್ದು ಕಾರು ಕೈಬಿಡುವ ದಿನದವರೆಗೆ ಒಟ್ಟು ಕರಗಿದ ಹಣವನ್ನು.

ಶೋರೂಂ ಬೆಲೆ 8 ಲಕ್ಷ ರೂಪಾಯಿಯ ಕಾರನ್ನೇ ತೆಗೆದುಕೊಳ್ಳೋಣ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ಶೇ 14, ಆ ತೆರಿಗೆಯ ಮೇಲೆ ಶೇ 11 ಸೆಸ್. ಅಂದರೆ 1,12,000 ಮತ್ತು 12,320, ಒಟ್ಟು 1,24,320 ರೂಪಾಯಿ. ವಿಮೆ 40,000, ನೋಂದಣಿ ಇತ್ಯಾದಿ ಸೇರಿ ಕಾರು ರಸ್ತೆಗೆ ಇಳಿಯುವ ಹೊತ್ತಿಗೆ 9.70 ಲಕ್ಷ. ಇದರಲ್ಲಿ 1.70 ಲಕ್ಷ ಕೈಯಿಂದ, 8 ಲಕ್ಷ ಶೇ 9ರ ಬಡ್ಡಿಗೆ ಐದು ವರ್ಷದ ಸಾಲ ಎಂದುಕೊಳ್ಳಿ. ಕಂತು 16,607 ರೂಪಾಯಿ.

ಮೂರು ವರ್ಷಕ್ಕೆ ಮಾರಿದಿರಿ, 5 ಲಕ್ಷ ಬಂತು. ಕಾರಿನ ಸವಕಳಿಯೇ 4.70 ಲಕ್ಷ. ಮೂರು ವರ್ಷದಲ್ಲಿ ಬ್ಯಾಂಕಿಗೆ ಕಟ್ಟಿದ ಬಡ್ಡಿ 1.61 ಲಕ್ಷ. ಉಳಿದ 3.63 ಲಕ್ಷ ಸಾಲವನ್ನು ಅವಧಿಗೆ ಮೊದಲೇ ತೀರಿಸಿದ್ದಕ್ಕೆ ಶೇ 5ರಂತೆ ಶುಲ್ಕ 18,000. ಕೈಯಿಂದ ಹಾಕಿದ ಹಣ ಠೇವಣಿಯಲ್ಲಿದ್ದರೆ ಬರುತ್ತಿದ್ದ ಶೇ 7ರ ಬಡ್ಡಿ 36,000. ಎರಡನೇ ಮತ್ತು ಮೂರನೇ ವರ್ಷದ ವಿಮೆ 30,000. ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆಯನ್ನು 2018ರ ಸೆಪ್ಟೆಂಬರ್‌ನಿಂದ ಮೂರು ವರ್ಷಕ್ಕೆ ಒಟ್ಟಿಗೇ ಕಟ್ಟಿಸಿಕೊಳ್ಳುವುದರಿಂದ ಈ ಮೊತ್ತ ಕಡಿಮೆ. ಸರ್ವಿಸ್ 25,000. ಕೂಡಿದರೆ 7.40 ಲಕ್ಷ, ತಿಂಗಳಿಗೆ ಸುಮಾರು 20,500 ರೂಪಾಯಿ. ಅದೇ ಕಾರಿಗೆ ಜಿಎಸ್‌ಟಿ ಸೇರಿ 24,000 ಬಾಡಿಗೆಯಾದರೆ ಮೂರು ವರ್ಷಕ್ಕೆ 8.64 ಲಕ್ಷ. ಸ್ವಂತದ್ದೇ 1.24 ಲಕ್ಷ ಅಗ್ಗ.

ಈಗ ಅದೇ ಕಾರನ್ನು ಒಂದೇ ವರ್ಷಕ್ಕೆ ಮಾರಿ ನೋಡಿ. 6.60 ಲಕ್ಷ ಬಂದರೂ ಸವಕಳಿ 3.10 ಲಕ್ಷ. ಬಡ್ಡಿ 66,600, ಸಾಲ ಮುಚ್ಚುವ ಶುಲ್ಕ 33,400, ಕೈಹಣದ ಬಡ್ಡಿ 12,000, ಸರ್ವಿಸ್ 5,000. ಒಟ್ಟು 4.27 ಲಕ್ಷ, ತಿಂಗಳಿಗೆ 35,500ಕ್ಕೂ ಹೆಚ್ಚು. ಒಂದು ವರ್ಷದ ಕರಾರಿಗೆ ಬಾಡಿಗೆ ದುಬಾರಿ, 27,000 ಎಂದುಕೊಂಡರೂ 3.24 ಲಕ್ಷಕ್ಕೆ ಮುಗಿಯುತ್ತದೆ. ಇಲ್ಲಿ ಬಾಡಿಗೆಯವರು ಒಂದು ಲಕ್ಷ ಉಳಿಸಿದರು. ಜೀವಾವಧಿ ತೆರಿಗೆ ಮತ್ತು ಮೊದಲ ವರ್ಷದ ಸವಕಳಿ, ಇವೆರಡನ್ನೂ ಹನ್ನೆರಡೇ ತಿಂಗಳಿಗೆ ಹಂಚಬೇಕಾಗಿ ಬಂದದ್ದೇ ಇದರ ಕಾರಣ.

ಹತ್ತು ವರ್ಷ ಇಟ್ಟುಕೊಂಡರೆ?

ಹತ್ತನೇ ವರ್ಷದ ಕೊನೆಗೆ 1.50 ಲಕ್ಷಕ್ಕೆ ಹೋಯಿತೆನ್ನಿ. ಸವಕಳಿ 8.20, ಪೂರ್ತಿ ಸಾಲದ ಬಡ್ಡಿ 1.96, ಕೈಹಣದ ಬಡ್ಡಿ 1.20, ವಿಮೆ 1, ಸರ್ವಿಸ್ ಮತ್ತು ರಿಪೇರಿ 1.60, ಟೈರ್ ಬ್ಯಾಟರಿಗಳಿಗೆ 0.65 ಲಕ್ಷ. ಒಟ್ಟು 14.61 ಲಕ್ಷ, ತಿಂಗಳಿಗೆ 12,200 ರೂಪಾಯಿ. ಬಾಡಿಗೆಯ ಅರ್ಧ. ಐದನೇ ವರ್ಷ ಸಾಲ ತೀರಿದ ಮೇಲಿನ ವರ್ಷಗಳಲ್ಲೇ ಸ್ವಂತ ಕಾರು ದುಡಿಯುವುದು. ಬಾಡಿಗೆಯಲ್ಲಿ ಆ ವರ್ಷಗಳು ಬರುವುದೇ ಇಲ್ಲ.

ಮರುಮಾರಾಟದ ಬೆಲೆ ಬಿದ್ದು ಹೋದರೆ ನಿಮ್ಮ ಲೆಕ್ಕ ತಲೆಕೆಳಗಾಗುವುದಿಲ್ಲವೇ?

ಆಗುತ್ತದೆ. ಬಾಡಿಗೆಯ ಪರವಾಗಿರುವ ಗಟ್ಟಿ ವಾದ ಇದೊಂದೇ. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ 28 ಮತ್ತು ಸೆಸ್‌ನಿಂದ ಶೇ 18ಕ್ಕೆ ಇಳಿಯಿತು. ಹೊಸ ಕಾರು ಅಗ್ಗವಾದ ದಿನ ಹಳೆಯ ಕಾರಿನ ಬೆಲೆಯೂ ಜಗ್ಗುತ್ತದೆ. ಆ ನಷ್ಟವನ್ನು ಹೊತ್ತವರು ಮಾಲೀಕರು. ಬಾಡಿಗೆಗೆ ಪಡೆದವರಿಗೆ ಅದರ ಬಿಸಿ ತಟ್ಟಲಿಲ್ಲ. ಮೇಲಿನ ಮೂರು ವರ್ಷದ ಲೆಕ್ಕದಲ್ಲಿ ಮರುಮಾರಾಟದ ಬೆಲೆ 5 ಲಕ್ಷದ ಬದಲು 3.75 ಲಕ್ಷವಾದರೆ ಸ್ವಂತ ಕಾರಿನ ಲಾಭ ಪೂರ್ತಿ ಅಳಿಸಿ ಹೋಗುತ್ತದೆ. ಹತ್ತು ವರ್ಷದ ಲೆಕ್ಕದಲ್ಲಾದರೆ ಕಾರನ್ನು ಗುಜರಿಗೆ ಹಾಕಿದರೂ ಸ್ವಂತದ್ದೇ ಅಗ್ಗ.

ಹೊಸದೇ ಏಕೆ? ಸೆಕೆಂಡ್ ಹ್ಯಾಂಡ್ ಕಾರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಲ್ಲ?

ತೆಗೆದುಕೊಳ್ಳಬೇಕು. ಬಾಡಿಗೆ ಕಂಪನಿಯ ಕೋಷ್ಟಕದಲ್ಲಿ ಎಂದೂ ಕಾಣಿಸದ ಕಾಲಂ ಇದು. ನಾಲ್ಕು ವರ್ಷ ಓಡಿದ, ಕೆಎ-13 ಅಥವಾ ಕೆಎ-18 ನೋಂದಣಿಯ ಕಾರನ್ನು 4.25 ಲಕ್ಷಕ್ಕೆ ಕೊಂಡು ಮೂರು ವರ್ಷ ಓಡಿಸಿ 2.75 ಲಕ್ಷಕ್ಕೆ ಮಾರಿದರೆ ಸವಕಳಿ ಒಂದೂವರೆ ಲಕ್ಷ. ಹಾಕಿದ ಹಣದ ಬಡ್ಡಿ 89,000, ವಿಮೆ 40,000, ರಿಪೇರಿಗೆ ಧಾರಾಳವಾಗಿ 75,000, ಹೆಸರು ಬದಲಾವಣೆಗೆ 6,000. ತಿಂಗಳಿಗೆ ಹತ್ತು ಸಾವಿರ. ಜೀವಾವಧಿ ತೆರಿಗೆಯನ್ನು ಮೊದಲ ಮಾಲೀಕರೇ ಕಟ್ಟಿರುತ್ತಾರೆ, ಕಡಿದಾದ ಸವಕಳಿಯನ್ನೂ ಅವರೇ ನುಂಗಿರುತ್ತಾರೆ.

ಪರಿಚಿತ ಮೆಕ್ಯಾನಿಕ್ ಒಬ್ಬರು ಇದ್ದರೆ ಮಾತ್ರ ಈ ದಾರಿ. ಮಲೆನಾಡಿನ ಕಾರಾದರೆ ಬಾನೆಟ್ ಎತ್ತುವ ಮೊದಲು ಕೆಳಗೆ ಬಗ್ಗಿ ತಳ ನೋಡಿಸಿ. ಹೆಸರು ಬದಲಾದ 14 ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಕ್ಲೇಮ್ ಇಲ್ಲದ್ದಕ್ಕೆ ಸಿಗುವ ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು; ಅದು ಮಾರಿದವರ ಜೊತೆಗೇ ಹೋಗುತ್ತದೆ.

ಬಾಡಿಗೆಯಲ್ಲಿ ಕಿಲೋಮೀಟರ್ ಮಿತಿ ಇರುತ್ತದಂತೆ. ನಮಗೆ ಅದು ತೊಡಕೇ?

ಹಾಸನದಿಂದ ಬೆಂಗಳೂರಿಗೆ ಸುಮಾರು 180 ಕಿ.ಮೀ. ವಾರಕ್ಕೊಮ್ಮೆ ಹೋಗಿ ಬಂದರೆ ತಿಂಗಳಿಗೆ 1,440 ಕಿ.ಮೀ. ಅಲ್ಲಿಗೇ ಆಯಿತು. ಊರೊಳಗಿನ ಓಡಾಟ 400 ಸೇರಿಸಿದರೆ 1,840. ಕರಾರಿನ ಮಿತಿ 1,250 ಆಗಿದ್ದು, ಮೀರಿದ ಪ್ರತಿ ಕಿಲೋಮೀಟರಿಗೆ 10 ರೂಪಾಯಿ ಎಂದಿದ್ದರೆ ತಿಂಗಳಿಗೆ 5,900 ರೂಪಾಯಿ ಹೆಚ್ಚುವರಿ. 24,000 ಎಂದುಕೊಂಡ ಬಾಡಿಗೆ 30,000ದ ಹತ್ತಿರ ಬಂದು ನಿಲ್ಲುತ್ತದೆ. ಚಿಕ್ಕಮಗಳೂರಿನವರಿಗೆ ಬೆಂಗಳೂರು ಇನ್ನೂ ದೂರ.

ಕಾಫಿ ಬೆಳೆಗಾರರು ಇನ್ನೊಂದನ್ನು ಕೇಳಿಕೊಳ್ಳಬೇಕು: ಉಳಿದ ಕಿಲೋಮೀಟರುಗಳು ಮುಂದಿನ ತಿಂಗಳಿಗೆ ಸೇರುತ್ತವೆಯೋ ಇಲ್ಲವೋ? ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವ ಮಾರ್ಚ್‌ವರೆಗೆ ತೋಟ, ಪೇಟೆ, ಬ್ಯಾಂಕು ಎಂದು ಗಾಡಿ ನಿಲ್ಲುವುದಿಲ್ಲ. ಜುಲೈ ಆಗಸ್ಟ್‌ನಲ್ಲಿ ಶೆಡ್ಡಿನಿಂದ ಹೊರಗೇ ಬರುವುದಿಲ್ಲ. ತಿಂಗಳಿಗೊಮ್ಮೆ ಮೀಟರ್ ನೋಡಿ ಲೆಕ್ಕ ಮುಗಿಸುವ ಕರಾರು ಇಂಥವರಿಗೆ ಎರಡೂ ಕಡೆ ಹೊಡೆತ: ಮಳೆಗಾಲದಲ್ಲಿ ಓಡಿಸದ ಕಿಲೋಮೀಟರಿಗೂ ಹಣ, ಕೊಯ್ಲಿನಲ್ಲಿ ಓಡಿಸಿದ್ದಕ್ಕೆ ದಂಡ. ವರ್ಷಕ್ಕೆ ಒಟ್ಟು ಮಿತಿ ಇರುವ ಕರಾರನ್ನೇ ಕೇಳಿ.

ಘಾಟಿ ರಸ್ತೆ, ತೋಟದ ಮಣ್ಣು ರಸ್ತೆ, ಮಳೆ. ಬಾಡಿಗೆ ಕಾರಿಗೆ ಹಾನಿಯಾದರೆ ಯಾರ ಜವಾಬ್ದಾರಿ?

ಕರಾರಿನಲ್ಲಿ 'ಸಹಜ ಸವೆತ' ಎಂಬ ಎರಡು ಪದ ಇರುತ್ತವೆ. ಜಗಳ ಹುಟ್ಟುವುದು ಅಲ್ಲೇ. ಸಪಾಟು ರಸ್ತೆಯಲ್ಲಿ ಓಡುವ ಕಾರಿನ ಸವೆತವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕರಾರು ಅದು. ಶಿರಾಡಿಯಲ್ಲಿ ಟ್ಯಾಂಕರುಗಳ ಹಿಂದೆ ಒಂದನೇ ಗೇರಿನಲ್ಲಿ ತೆವಳುವ ಕಾರಿನ ಕ್ಲಚ್ ಪ್ಲೇಟು, ಚಾರ್ಮಾಡಿಯ ತಿರುವುಗಳಲ್ಲಿ ಇಳಿಯುವ ಕಾರಿನ ಬ್ರೇಕ್ ಪ್ಯಾಡು ಬೇಗ ಸವೆಯುತ್ತವೆ. 25,000 ಕಿ.ಮೀ.ಗೇ ಕ್ಲಚ್ ಹೋದರೆ 'ಚಾಲಕರ ದುರ್ಬಳಕೆ' ಎಂದು ಬಿಲ್ಲು ನಿಮ್ಮ ಕಡೆ ತಿರುಗುವ ಸಾಧ್ಯತೆ ಇದೆ. ಕ್ಲಚ್, ಬ್ರೇಕ್, ಟೈರು ಈ ಮೂರರ ಹೆಸರು ಹಿಡಿದು, ಯಾವುದು ಬಾಡಿಗೆಯಲ್ಲಿ ಸೇರಿದೆ, ಯಾವುದು ಇಲ್ಲ ಎಂದು ಲಿಖಿತವಾಗಿ ಪಡೆಯಿರಿ. ಬಾಯಿಮಾತು ಬೇಡ.

ತೋಟದ ರಸ್ತೆಯದು ಬೇರೆಯೇ ಕಥೆ. ಜೀಪು, ಟ್ರ್ಯಾಕ್ಟರು ಓಡಾಡಿ ಎರಡು ಗಾಲಿಯ ಜಾಡು ಆಳವಾಗಿ, ನಡುವೆ ಹುಲ್ಲು ಬೆಳೆದ ದಿಬ್ಬ ಉಳಿದಿರುತ್ತದೆ. ಸಣ್ಣ ಕಾರು ಹೋದರೆ ಆ ದಿಬ್ಬ ತಳವನ್ನು ಉದ್ದಕ್ಕೂ ಸವರುತ್ತದೆ. ಹುಲ್ಲಿನಡಿ ಒಂದು ಕಲ್ಲಿದ್ದರೆ ಎಂಜಿನ್ ತಳದ ಎಣ್ಣೆ ತೊಟ್ಟಿಗೆ (ಆಯಿಲ್ ಸಂಪ್) ಪೆಟ್ಟು. ಕೆಲವು ಕರಾರುಗಳಲ್ಲಿ ಡಾಂಬರು ಇಲ್ಲದ ರಸ್ತೆಯಲ್ಲಿ ಓಡಿಸುವುದಕ್ಕೇ ನಿಷೇಧ ಇರುತ್ತದೆ. ಮನೆಯೇ ತೋಟದೊಳಗಿದ್ದರೆ ಆ ಕರಾರಿಗೆ ಸಹಿ ಹಾಕಿದ ದಿನವೇ ಅದನ್ನು ಮುರಿದಂತೆ.

ಮಳೆಯ ವಿಷಯದಲ್ಲಿ ಬಾಡಿಗೆ ಕಾರಿಗೂ ಸ್ವಂತ ಕಾರಿಗೂ ಎಚ್ಚರಿಕೆ ಒಂದೇ. ನೀರು ನುಗ್ಗಿ ಎಂಜಿನ್ ಸೆಟೆದುಕೊಂಡರೆ ಸಾಮಾನ್ಯ ವಿಮೆಯಲ್ಲಿ ಹಣ ಬರುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಬೇಕು. ಬಿರುಗಾಳಿ, ಪ್ರವಾಹ, ಭೂಕುಸಿತದ ಹಾನಿ ಸಮಗ್ರ ವಿಮೆಯಲ್ಲಿ ಸೇರಿದೆ. ಆದರೆ ಬಾಡಿಗೆಯವರ ಕರಾರಿನಲ್ಲಿ ಪ್ರತಿ ಕ್ಲೇಮಿಗೂ ಮೊದಲ ಇಷ್ಟು ಸಾವಿರ ನಿಮ್ಮದು ಎಂಬ ಷರತ್ತು ಇರಬಹುದು, ಆ ಮೊತ್ತ ನೋಡಿಕೊಳ್ಳಿ. ಸಕಲೇಶಪುರ, ಆಲೂರು, ಬೇಲೂರು ಕಡೆ ರಾತ್ರಿ ಓಡಾಡುವವರು ಆನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಕಾಲ ಇದು. ಆನೆ ತಳ್ಳಿದ ಕಾರಿನ ಬಗ್ಗೆ ಬೆಂಗಳೂರಿನ ಸಹಾಯವಾಣಿಯವರಿಗೆ ವಿವರಿಸುವಾಗ ತಾಳ್ಮೆ ಇರಲಿ.

ಇನ್ನೊಂದು ಸಣ್ಣ ವಿಷಯ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ, 2024ರ ಜುಲೈಯಲ್ಲಿ ಸಕಲೇಶಪುರದ ಬಳಿ ಹೆದ್ದಾರಿ ಕುಸಿದು ಸಂಚಾರ ನಿಂತಿತ್ತು. ರಸ್ತೆ ಮುಚ್ಚಿದರೂ ಬಾಡಿಗೆಯ ಮೀಟರು ಓಡುತ್ತಲೇ ಇರುತ್ತದೆ.

ಬಾಡಿಗೆ ಕಾರಿನ ನಂಬರ್ ಪ್ಲೇಟ್ ಯಾವ ಬಣ್ಣದ್ದು? ಅದರಿಂದ ವ್ಯತ್ಯಾಸ ಆಗುತ್ತದೆಯೇ?

ಸೆಲ್ಫ್ ಡ್ರೈವ್ ಬಾಡಿಗೆಗೆಂದು ನೋಂದಾಯಿಸಿದ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ. ಸಬ್‌ಸ್ಕ್ರಿಪ್ಷನ್‌ನಲ್ಲಿ ಕೆಲವರು ಬಿಳಿ ಫಲಕದ ಕಾರನ್ನೂ ಕೊಡುತ್ತಾರೆ. ಬೀಗರ ಮನೆಯ ಮುಂದೆ ಕಪ್ಪು ಬೋರ್ಡಿನ ಕಾರು ನಿಲ್ಲಿಸಲು ಸಂಕೋಚ ಪಡುವವರಿದ್ದಾರೆ. ಅದಕ್ಕೆ ನಮ್ಮಲ್ಲಿ ಮದ್ದಿಲ್ಲ. ಹಣದ ವ್ಯತ್ಯಾಸ ಮಾತ್ರ ನಿಜ. 2025ರ ಆಗಸ್ಟ್ 15ರಿಂದ ಬಂದಿರುವ ಫಾಸ್ಟ್ಯಾಗ್ ವಾರ್ಷಿಕ ಪಾಸ್ 3,000 ರೂಪಾಯಿಗೆ ಆರಂಭವಾಯಿತು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಒಂದು ವರ್ಷ ಅಥವಾ 200 ಸಲ ದಾಟುವವರೆಗೆ ನಡೆಯುತ್ತದೆ. ಅದು ವಾಣಿಜ್ಯೇತರ ಖಾಸಗಿ ವಾಹನಗಳಿಗೆ ಮಾತ್ರ. ಶಾಂತಿಗ್ರಾಮದಿಂದ ನೆಲಮಂಗಲದವರೆಗೆ ವಾರವಾರ ಟೋಲ್ ಕಟ್ಟುವವರಿಗೆ ಇದು ಸಣ್ಣ ಮೊತ್ತವಲ್ಲ. ಕಪ್ಪು ಬೋರ್ಡಿನ ಕಾರಿಗೆ ಈ ಪಾಸ್ ಇಲ್ಲ.

ಪರಿಚಯದವರು ತಮ್ಮ ಬಿಳಿ ಬೋರ್ಡ್ ಕಾರನ್ನು ತಿಂಗಳಿಗೆ 15,000ಕ್ಕೆ ಕೊಡುತ್ತೇನೆ ಎನ್ನುತ್ತಾರೆ. ತೆಗೆದುಕೊಳ್ಳಬಹುದೇ?

ಬೇಡ. ಒಬ್ಬರು ತಮ್ಮ ಹೆಸರಿನಲ್ಲಿರುವ ಖಾಸಗಿ ನೋಂದಣಿಯ ಕಾರನ್ನು ಇನ್ನೊಬ್ಬರಿಗೆ ಬಾಡಿಗೆಗೆ ಬಿಡುವುದು ಪರವಾನಗಿಯ ಉಲ್ಲಂಘನೆ. ಅದು ಆರ್‌ಟಿಒ ದಂಡದಲ್ಲಿ ಮುಗಿದರೆ ಪುಣ್ಯ. ಖಾಸಗಿ ಕಾರಿನ ವಿಮಾ ಪತ್ರದಲ್ಲೇ ಬಾಡಿಗೆಗೆ ಬಳಸಿದರೆ ಪರಿಹಾರವಿಲ್ಲ ಎಂದು ಬರೆದಿರುತ್ತದೆ. ಅಪಘಾತವಾಗಿ ಎದುರಿನವರಿಗೆ ಪ್ರಾಣಾಪಾಯವಾದರೆ ವಿಮಾ ಕಂಪನಿ ಈ ಷರತ್ತನ್ನು ಹಿಡಿದು ವಾದಿಸುತ್ತದೆ. ತಿಂಗಳಿಗೆ ಉಳಿಸಿದ ಒಂಬತ್ತು ಸಾವಿರಕ್ಕೆ ತೋಟವನ್ನೇ ಅಡವಿಡಬೇಕಾಗಿ ಬರಬಹುದು. ಚಿಕ್ಕಮಗಳೂರಿನಲ್ಲಿ ಮುಳ್ಳಯ್ಯನಗಿರಿ ನೋಡಲು ಬರುವ ಪ್ರವಾಸಿಗರಿಗೆ ಹೀಗೆ ಕಾರು ಕೊಡುವವರಿಗೂ ಇದೇ ಮಾತು.

ನಾನು ವರ್ಗಾವಣೆಯ ಕೆಲಸದಲ್ಲಿದ್ದೇನೆ. ಎರಡು ವರ್ಷಕ್ಕೆ ಹಾಸನಕ್ಕೆ ಬಂದಿದ್ದೇನೆ.

ಬಾಡಿಗೆ ನಿಜವಾಗಿ ಹೊಂದುವುದು ನಿಮ್ಮಂಥವರಿಗೆ. ವೈದ್ಯಕೀಯ ಕಾಲೇಜಿಗೆ ಬಂದ ಹೊರರಾಜ್ಯದ ವೈದ್ಯರು, ಕಾಮಗಾರಿಯ ಮೇಲೆ ಬಂದ ಎಂಜಿನಿಯರುಗಳು, ಬ್ಯಾಂಕಿನವರು ಈ ಸಾಲಿನಲ್ಲಿದ್ದಾರೆ. ಹೊರರಾಜ್ಯದ ಕಾರನ್ನು ತಂದರೂ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಮರುನೋಂದಣಿ ಮಾಡಿಸಿ ಇಲ್ಲಿಯ ತೆರಿಗೆ ಕಟ್ಟಬೇಕು. ಹಳೆಯ ರಾಜ್ಯದಿಂದ ತೆರಿಗೆಯ ಬಾಕಿ ಅವಧಿಯ ಹಣ ವಾಪಸ್ ಕೇಳಬಹುದು. ಕಾಗದಪತ್ರ ಹಿಡಿದು ಅಲೆಯುವ ಪುರುಸೊತ್ತು ಇದ್ದವರಿಗೆ.

ಸಹಿ ಹಾಕುವ ಮೊದಲು ಬಿಎಚ್ ಸರಣಿಯ ನೋಂದಣಿ ನಿಮಗೆ ಸಿಗುತ್ತದೆಯೇ ವಿಚಾರಿಸಿ. 2021ರಲ್ಲಿ ಬಂದ ಈ ಸರಣಿ ಸರ್ಕಾರಿ ನೌಕರರು, ರಕ್ಷಣಾ ಸಿಬ್ಬಂದಿ, ಸಾರ್ವಜನಿಕ ವಲಯದ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರಿಗೆ ಮೀಸಲು. ತೆರಿಗೆಯನ್ನು ಜೀವಾವಧಿಗೆ ಒಮ್ಮೆಲೇ ಕಟ್ಟುವ ಬದಲು ಎರಡೆರಡು ವರ್ಷಕ್ಕೆ ಕಟ್ಟಬಹುದು, ರಾಜ್ಯ ಬದಲಾದರೆ ಮರುನೋಂದಣಿ ಬೇಡ. ಇಸ್ರೋದ ಇಲ್ಲಿಯ ನಿಯಂತ್ರಣ ಕೇಂದ್ರದವರಿಗೆ, ರಾಷ್ಟ್ರೀಕೃತ ಬ್ಯಾಂಕಿನವರಿಗೆ ಇದು ಸಿಕ್ಕರೆ ಎರಡು ವರ್ಷಕ್ಕೂ ಸ್ವಂತ ಕಾರೇ ಮುಂದೆ ನಿಲ್ಲಬಹುದು.

ವ್ಯಾಪಾರದ ಖರ್ಚಿನಲ್ಲಿ ತೋರಿಸಿದರೆ ಬಾಡಿಗೆ ಲಾಭವಂತೆ. ಹೌದೇ?

ಅರ್ಧ ನಿಜ. ವ್ಯಾಪಾರಕ್ಕೆ ಬಳಸಿದ ಮಟ್ಟಿಗೆ ಬಾಡಿಗೆ ಪೂರ್ತಿ ಖರ್ಚು. ಸ್ವಂತ ಕಾರಾದರೆ ಆದಾಯ ತೆರಿಗೆ ಲೆಕ್ಕದಲ್ಲಿ ವರ್ಷಕ್ಕೆ ಶೇ 15 ಸವಕಳಿ, ಸಾಲದ ಬಡ್ಡಿ, ವಿಮೆ, ಸರ್ವಿಸ್. ನಮ್ಮ ಉದಾಹರಣೆಯಲ್ಲಿ ಮೊದಲ ವರ್ಷ ಸ್ವಂತ ಕಾರಿಗೆ ಸುಮಾರು 2.50 ಲಕ್ಷ ಖರ್ಚು ತೋರಿಸಬಹುದು, ಬಾಡಿಗೆಗೆ 2.88 ಲಕ್ಷ. ವ್ಯತ್ಯಾಸ 38,000; ಶೇ 30ರ ಮಿತಿಯಲ್ಲಿರುವವರಿಗೆ ಉಳಿಯುವ ತೆರಿಗೆ ಹನ್ನೊಂದು ಸಾವಿರ ಚಿಲ್ಲರೆ. ಎರಡನೇ ವರ್ಷ ಈ ಅಂತರ ಇನ್ನಷ್ಟು ಹಿಗ್ಗುತ್ತದೆ. ಒಳ್ಳೆಯದೇ, ಆದರೆ ತೆರಿಗೆ ಉಳಿಸಲೆಂದು ಹೆಚ್ಚು ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ.

ಎರಡು ಎಚ್ಚರಿಕೆ. ಅಂದಾಜು ಆದಾಯದ ಯೋಜನೆಯಲ್ಲಿ (ವಹಿವಾಟಿನ ಒಂದು ಪಾಲನ್ನೇ ಲಾಭವೆಂದು ತೋರಿಸುವ ವಿಧಾನ) ರಿಟರ್ನ್ಸ್ ಹಾಕುವ ಅಂಗಡಿಯವರಿಗೆ ಬಾಡಿಗೆಯನ್ನು ಬೇರೆಯಾಗಿ ಖರ್ಚು ತೋರಿಸಲು ಬರುವುದಿಲ್ಲ. ಬಾಡಿಗೆಯ ಮೇಲಿನ ಜಿಎಸ್‌ಟಿಯನ್ನು, ಟ್ಯಾಕ್ಸಿ ಅಥವಾ ಚಾಲನಾ ತರಬೇತಿಯಂಥ ವ್ಯವಹಾರ ಬಿಟ್ಟರೆ, ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು, ಹಿಂಪಡೆಯಲೂ ಆಗದು.

ಬೆಳೆಗಾರರಿಗೆ ಲಾಭ ಇನ್ನೂ ತೆಳು. ತಾವೇ ಬೆಳೆದು ಕ್ಯೂರಿಂಗ್ (ಒಣಬೀಜದ ಸಿಪ್ಪೆ ತೆಗೆದು ಹದ ಮಾಡುವುದು) ಮಾಡಿಸಿ ಮಾರುವ ಕಾಫಿಯ ಆದಾಯದಲ್ಲಿ ಶೇ 25 ಮಾತ್ರ ಆದಾಯ ತೆರಿಗೆಗೆ ಒಳಪಡುತ್ತದೆ. ಶೇ 30ರ ಮಿತಿಯವರಾದರೂ 100 ರೂಪಾಯಿ ಬಾಡಿಗೆಗೆ ಉಳಿಯುವುದು ಏಳೂವರೆ ರೂಪಾಯಿ. ಕೃಷಿ ಆದಾಯ ಮಾತ್ರ ಇರುವವರಿಗೆ ಅದೂ ಇಲ್ಲ.

ಎಲೆಕ್ಟ್ರಿಕ್ ಕಾರನ್ನು ಬಾಡಿಗೆಗೆ ಪಡೆಯುವುದು ಜಾಣತನವೇ?

ಪೆಟ್ರೋಲ್ ಕಾರಿಗಿಂತ ಇಲ್ಲಿ ಬಾಡಿಗೆಗೆ ಹೆಚ್ಚು ಅರ್ಥವಿದೆ. ಹಳೆಯ ಎಲೆಕ್ಟ್ರಿಕ್ ಕಾರಿನ ಬೆಲೆ ಇನ್ನೂ ಒಂದು ಹದಕ್ಕೆ ಬಂದಿಲ್ಲ, ಆ ಅಪಾಯವನ್ನು ಕಂಪನಿಯೇ ಹೊರಲಿ. ಮನೆಯಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸುವ ಖರ್ಚು ಯಾರದ್ದು ಎಂದು ಕೇಳಿ. ಮಳೆಗಾಲದಲ್ಲಿ ಕರೆಂಟ್ ಎರಡು ದಿನ ಹೋಗುವ ಊರಾದರೆ ಎರಡೂ ಬೇಡ.

ತಿಂಗಳಿಗೆ ಎರಡು ಸಲ ಮಾತ್ರ ಕಾರು ಬೇಕು.

ಹಾಗಾದರೆ ಕೊಳ್ಳಲೂ ಬೇಡಿ, ತಿಂಗಳ ಬಾಡಿಗೆಗೂ ಪಡೆಯಬೇಡಿ. ದಿನಕ್ಕೆ ಕನಿಷ್ಠ 300 ಕಿ.ಮೀ., ಕಿಲೋಮೀಟರಿಗೆ 13 ರೂಪಾಯಿ, ಚಾಲಕರ ಭತ್ಯೆ 500 ಎಂದರೂ ಒಂದು ದಿನದ ಟ್ಯಾಕ್ಸಿಗೆ 4,400. ಎರಡು ಸಲಕ್ಕೆ 8,800, ಡೀಸೆಲ್ ಸೇರಿ. ಹತ್ತು ವರ್ಷ ಇಟ್ಟ ಸ್ವಂತ ಕಾರೂ ಪೆಟ್ರೋಲ್ ಬಿಟ್ಟು ತಿಂಗಳಿಗೆ 12,200 ತಿನ್ನುತ್ತದೆ. ಬೆಂಗಳೂರಿಗಾದರೆ 2017ರಿಂದ ಶ್ರವಣಬೆಳಗೊಳದ ಮೇಲೆ ನೇರ ರೈಲು ಮಾರ್ಗವೂ ಇದೆ. ವಯಸ್ಸಾದವರು ಮನೆಯಲ್ಲಿದ್ದು ಅಪರಾತ್ರಿಯಲ್ಲಿ ಆಸ್ಪತ್ರೆಗೆ ಓಡಬೇಕಾಗಿ ಬಂದೀತು ಎಂಬ ಚಿಂತೆ ಇದ್ದರೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಇರಲಿ. ಆ ನೆಮ್ಮದಿಯ ಬೆಲೆಯನ್ನು ನಮ್ಮ ಕೋಷ್ಟಕ ಅಳೆಯುವುದಿಲ್ಲ.

ಬಾಡಿಗೆ ಕಾರಿಗೆ ಆಯುಧಪೂಜೆ ಮಾಡಬಹುದೇ?

ಧಾರಾಳವಾಗಿ ಮಾಡಿ. ಕುಂಬಳಕಾಯಿ ಒಡೆಯಿರಿ, ಗಾಲಿಗೆ ನಿಂಬೆಹಣ್ಣು ಇಡಿ. ಬಾಳೆಕಂದನ್ನು ಬಂಪರಿಗೆ ತಂತಿ ಹಾಕಿ ಬಿಗಿಯಬೇಡಿ. ಬಣ್ಣ ಗೀರಿದರೆ ಠೇವಣಿಯಲ್ಲಿ ಮುರಿಯುತ್ತಾರೆ. ಹಿಂದಿನ ಗಾಜಿನ ಮೇಲೆ ಮನೆದೇವರ ಹೆಸರು ಬರೆಸುವುದು, ಗಾಜಿಗೆ ಕಪ್ಪು ಹಾಳೆ ಅಂಟಿಸುವುದು, ಹೊಸ ಹಾರ್ನ್ ಹಾಕಿಸುವುದು ಕರಾರಿನಲ್ಲಿ ಬರುವುದಿಲ್ಲ. ಕಪ್ಪು ಹಾಳೆಗೆ ಸ್ವಂತ ಕಾರಿನಲ್ಲೂ ಅವಕಾಶವಿಲ್ಲ ಅನ್ನಿ, ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿದೆ.

ಅವಧಿಗೆ ಮೊದಲೇ ಬಿಟ್ಟರೆ?

ಎರಡು ಕಡೆಯೂ ದಂಡ ಇದೆ. ಬಾಡಿಗೆಯಲ್ಲಿ ಎರಡು ಮೂರು ತಿಂಗಳ ಬಾಡಿಗೆಯನ್ನೋ ಉಳಿದ ಅವಧಿಯ ಒಂದು ಪಾಲನ್ನೋ ಕೇಳುವ ಷರತ್ತು ಇರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಮೂರು ವರ್ಷದ ಕಡಿಮೆ ದರಕ್ಕೆ ಸಹಿ ಹಾಕಿ ಒಂದೇ ವರ್ಷಕ್ಕೆ ಬಿಟ್ಟರೆ, ಆ ವರ್ಷದ ಬಾಡಿಗೆಯನ್ನೇ ಒಂದು ವರ್ಷದ ಹೆಚ್ಚಿನ ದರಕ್ಕೆ ಮರುಲೆಕ್ಕ ಹಾಕುವುದು. ಸಾಲದ ಕಡೆ, ಬದಲಾಗುವ ಬಡ್ಡಿದರದ ಮೇಲೆ ವ್ಯಾಪಾರೇತರ ಕಾರಣಕ್ಕೆ ವ್ಯಕ್ತಿಗಳು ಪಡೆದ ಸಾಲಗಳಿಗೆ, 2026ರ ಜನವರಿ 1ರಿಂದ ಮಂಜೂರಾದವಕ್ಕೆ, ಅವಧಿಪೂರ್ವ ತೀರುವಳಿ ಶುಲ್ಕ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ನಿಗದಿತ ಬಡ್ಡಿಯ ಕಾರು ಸಾಲಕ್ಕೆ ಈ ರಕ್ಷಣೆ ಇಲ್ಲ. ಸಾಲದ ಪತ್ರದಲ್ಲಿ ಯಾವ ಬಗೆ ಎಂದು ನೋಡಿ.

ಕಾರು ವಾಪಸ್ ಕೊಡುವಾಗ ಠೇವಣಿ ಪೂರ್ತಿ ಬರಬೇಕಾದರೆ ಏನು ಮಾಡಬೇಕು?

ಅದನ್ನು ಕಾರು ಪಡೆಯುವ ದಿನವೇ ಮಾಡಬೇಕು. ನಾಲ್ಕೂ ಬದಿ, ನಾಲ್ಕೂ ಗಾಲಿಯ ರಿಮ್, ಗಾಜು, ಸೀಟು, ಓಡೋಮೀಟರ್, ಸ್ಟೆಪ್ನಿ, ಜಾಕ್ ಇವುಗಳ ಫೋಟೊ ತೆಗೆದು ಅದೇ ದಿನ ಕಂಪನಿಯ ಇಮೇಲಿಗೆ ಕಳುಹಿಸಿ. ವಾಪಸ್ ಪಡೆಯಲು ಬರುವವರು ಟಾರ್ಚ್ ಹಿಡಿದು ಮೊದಲು ಬಗ್ಗುವುದೇ ಮುಂದಿನ ಬಂಪರಿನ ಕೆಳಗೆ. ಆಮೇಲೆ ಟೈರಿನ ಮೇಲ್ಮೈಯ ತೋಡುಗಳಲ್ಲಿ ಅಳತೆಯ ಕಡ್ಡಿ ಇಡುತ್ತಾರೆ, ತೋಡಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಟೈರು ಕಾನೂನಿನ ಪ್ರಕಾರವೇ ರಸ್ತೆಗೆ ಯೋಗ್ಯವಲ್ಲ. ಕೆಮ್ಮಣ್ಣು ಮೆತ್ತಿದ ತಳವನ್ನು ಹಿಂದಿನ ದಿನವೇ ವಾಟರ್ ಸರ್ವಿಸ್ ಮಾಡಿಸಿಡಿ. ಮಣ್ಣಿನಡಿ ಏನಿದೆ ಎಂದು ಅವರಿಗಿಂತ ಮೊದಲು ನಿಮಗೆ ಗೊತ್ತಿದ್ದರೆ ಸಣ್ಣಪುಟ್ಟದ್ದನ್ನು ಊರಿನ ಗ್ಯಾರೇಜಿನಲ್ಲೇ ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದು. ಕಂಪನಿಯ ದರಪಟ್ಟಿಯಲ್ಲಿ ಅದೇ ಗೀರಿಗೆ ಹಲವು ಪಟ್ಟು ಬಿಲ್ಲು ಬರುತ್ತದೆ. ಮೊದಲು ಕರಾರಿನಲ್ಲಿ ಹೊರಗಿನ ರಿಪೇರಿಗೆ ಅನುಮತಿ ಇದೆಯೇ ನೋಡಿ. ಹಸ್ತಾಂತರದ ಚೀಟಿಯಲ್ಲಿ 'ಹಾನಿ ಇಲ್ಲ' ಎಂದು ಬರೆಸಿ ಸಹಿ ಪಡೆಯದೆ ಕೀಲಿಕೈ ಕೊಡಬೇಡಿ, ಮತ್ತು ಫಾಸ್ಟ್ಯಾಗ್ ನಿಮ್ಮ ಖಾತೆಗೆ ಜೋಡಿಸಿದ್ದರೆ ಅದೇ ದಿನ ಅದನ್ನು ಮುಚ್ಚಿಸಿ.